ಹನ್ನೊಂದು ಜನರಲ್ಲಿ ಮೂರನೆಯವಳು

ಮೊನ್ನೆ ಸೋಮವಾರ ಬೆಳಗ್ಗೆ ಒಂಬತ್ತು ಮುಕ್ಕಾಲು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮೇಷ್ಟ್ರ ಮನೆ ಹಾಲಲ್ಲಿ ಕೂತಿದೀನಿ, ಕೈಯಲ್ಲಿ ಕಾಫಿ ಲೋಟ, ಎದುರಿಗೆ ಅವರ ಹಳೇ ಕಂಪ್ಯೂಟರು, ಇನ್ನು ನಲವತ್ತನಾಲ್ಕು ನಿಮಿಷಕ್ಕೆ ಅಮೆರಿಕದಲ್ಲೊಂದು ಯೂನಿವರ್ಸಿಟಿ ಬಾಗಿಲು ಹಾಕತ್ತೆ, ಮೇಷ್ಟ್ರು ಕ್ಯಾಲ್ಕುಲೇಟರ್ ಹುಡುಕ್ತಿದಾರೆ. "ಸರ್, ಮೊಬೈಲಲ್ಲೇ ಇದೆಯಲ್ಲ" ಅಂದೆ. "ಅದ್ರ ಮೇಲೆ ನಂಗೆ ನಂಬಿಕೆ ಇಲ್ಲಮ್ಮ" ಅಂದ್ರು.

ಟೈಮಿನ ಕಥೆ ಹೇಳ್ಬಿಡ್ತೀನಿ. ಅಲ್ಲಿನ ಪಿಎಚ್‌ಡಿ ಅರ್ಜಿಗೆ, ಅದ್ರ ಜೊತೆ ಮೇಷ್ಟ್ರು ಕಳಿಸ್ಬೇಕಾದ ಶಿಫಾರಸು ಪತ್ರಕ್ಕೆ, ಕೊನೇ ದಿನ ಡಿಸೆಂಬರ್ 1, ರಾತ್ರಿ 11:59, ಅವರ ಪೂರ್ವ ತೀರದ ಟೈಮು. ಚಳಿಗಾಲದಲ್ಲಿ ನಾವು ಅವರಿಗಿಂತ ಹತ್ತೂವರೆ ಗಂಟೆ ಮುಂದಿರ್ತೀವಿ, ಹಂಗಾಗಿ ನಮಗೆ ಅದು 2ನೇ ತಾರೀಕು ಬೆಳಗ್ಗೆ 10:29. ಇದನ್ನ ಮೇಷ್ಟ್ರಿಗೆ ಹೇಳಿದ್ದೇ ನಾನು ಮಾಡಿದ ತಪ್ಪು. ಭಾನುವಾರ ಸಾಯಂಕಾಲಾನೇ ಮುಗಿಸ್ಬಿಡೋಣ ಸರ್ ಅಂದ್ರೆ "ಟೈಮಿದೆಯಲ್ಲಮ್ಮ" ಅಂದ್ರು. ಸೋಮವಾರ ಏಳೂವರೆಗೇ ಹೋಗಿ ಬೆಲ್ ಮಾಡಿದ್ರೆ ಆಂಟಿ ಬಾಗಿಲಲ್ಲೇ ನಿಂತು "ಏಳೂವರೆಯಿಂದ ಒಂಬತ್ತು ರಾಹುಕಾಲ ಕಣಮ್ಮಾ, ಒಳ್ಳೇ ಕೆಲಸ, ಕಳೀಲಿ" ಅಂದ್ರು. ಮೇಷ್ಟ್ರು ಜೀವಮಾನ ಪೂರ್ತಿ ಪ್ರಾಬಬಿಲಿಟಿ ಪಾಠ ಮಾಡ್ದೋರು, ರಾಹುಕಾಲ ಎಲ್ಲ ನಂಬಲ್ಲ, ಆದ್ರೆ ಆಂಟಿನ ನಂಬ್ತಾರೆ. ರಾಹುಕಾಲ ಕಳೀತು. ಆಮೇಲೆ ಉಪ್ಪಿಟ್ಟು. ಆಮೇಲೆ ಪಾಸ್‌ವರ್ಡು, ಅದನ್ನ ಬರೆದಿಟ್ಟಿದ್ದು ಹೋದ ವರ್ಷದ ಪಂಚಾಂಗದ ಹಿಂದೆ.

ನಾನು ಸೈಕಾಲಜಿ ಎಂಎಸ್ಸಿ ಮುಗಿಸಿ ಒಂದೂವರೆ ವರ್ಷ ಆಯ್ತು. ಈ ಒಂದೂವರೆ ವರ್ಷದಲ್ಲಿ ಏನು ಮಾಡಿದೆ ಅಂತ ಯಾರಾದ್ರೂ ಕೇಳಿದ್ರೆ, ಫಾರಂ ತುಂಬಿದೆ. ನನ್ನ ಫೋಟೋನ 50 ಕೆಬಿಗೆ ಕುಗ್ಗಿಸಿದೆ, ಸೈನ್‌ನ 30 ಕೆಬಿಗೆ ಕುಗ್ಗಿಸಿದೆ, ಕುಗ್ಗಿಸಿ ಕುಗ್ಗಿಸಿ ಈಗ ಫೋಟೋದಲ್ಲಿ ಇರೋದು ನಾನೋ ನಮ್ಮ ದೊಡ್ಡಪ್ಪನೋ ಅಂತ ಅಮ್ಮನಿಗೇ ಅನುಮಾನ. 2024ರ ಜೂನ್ 18ಕ್ಕೆ ದೇಶದಲ್ಲಿ 9 ಲಕ್ಷಕ್ಕೂ ಜಾಸ್ತಿ ಜನ ನೆಟ್ (ಲೆಕ್ಚರರ್ ಕೆಲಸಕ್ಕೆ, ರಿಸರ್ಚ್ ಫೆಲೋಶಿಪ್‌ಗೆ ಇರೋ ಪರೀಕ್ಷೆ) ಬರೆದ್ರಲ್ಲ, ಅದ್ರಲ್ಲಿ ನಾನೂ ಒಬ್ಳು. ಬಂದು ಸುಸ್ತಾಗಿ ಮಲಗಿ ಎದ್ದು, ಮಾರನೇ ದಿನ ಕೀ ಆನ್ಸರ್ ಬಗ್ಗೆ ಜಗಳ ಆಡ್ತಾ ಕೂತಿದ್ರೆ ರಾತ್ರಿ ಹೊತ್ತಿಗೆ ಪರೀಕ್ಷೆನೇ ಕ್ಯಾನ್ಸಲ್. ಜೆಆರ್‌ಎಫ್ ಅನ್ನೋ ಆ ಫೆಲೋಶಿಪ್ ಸಿಕ್ಕಿದ್ರೆ ತಿಂಗಳಿಗೆ 37,000 ಬರತ್ತೆ ಅಂತ ಅಪ್ಪ ಅಷ್ಟೊತ್ತಿಗೆ ಇಡೀ ಬೀದಿಗೆ ಹೇಳಿಯಾಗಿತ್ತು. "ಓದೋಕೆ ಅವರೇ ದುಡ್ಡು ಕೊಡ್ತಾರಾ?" ಅಂತ ಪಕ್ಕದ ಮನೆ ಅಂಕಲ್ಲು ಇವತ್ತಿಗೂ ನನ್ನ ನೋಡಿದಾಗೆಲ್ಲ ಅನುಮಾನದಿಂದ ಕೇಳ್ತಾರೆ.

ಇನ್ನು ನಿಮ್ಹಾನ್ಸ್. ಕ್ಲಿನಿಕಲ್ ಸೈಕಾಲಜಿ ಎಂಫಿಲ್‌ಗೆ ಎಂಟ್ರೆನ್ಸ್ ಬರೀಬೇಕು ಅಂತಿದ್ದೆ. ಎಂಫಿಲ್ ಅನ್ನೋ ಡಿಗ್ರಿನೇ ಇನ್ನಿಲ್ಲ ಅಂತ ಯುಜಿಸಿ ಹೇಳಿ, ಆಮೇಲೆ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೂ ಮಾತ್ರ 2025-26ರ ತನಕ ಇರ್ಲಿ ಅಂದಿತ್ತು, ಮನೆ ಓನರ್ರು ಖಾಲಿ ಮಾಡಿ ಅಂದು ಮತ್ತೆ ಹನ್ನೊಂದು ತಿಂಗಳಿಗೆ ಅಗ್ರಿಮೆಂಟ್ ರಿನ್ಯೂ ಮಾಡ್ದಂಗೆ. ಸರಿ, ಅದು ಬೇರೆ ಗೋಳು. ಅಮ್ಮ ಫೋನಲ್ಲಿ ಶಿವಮೊಗ್ಗದ ಅತ್ತೆಗೆ "ನಿಮ್ಹಾನ್ಸಲ್ಲಿ ಅಡ್ಮಿಷನ್‌ಗೆ ಓಡಾಡ್ತಿದಾಳೆ" ಅಂದ್ಬಿಟ್ರು. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ ಅತ್ತೆ ಮೆಲ್ಲಗೆ, "ಎಷ್ಟು ದಿನದಿಂದ ಹಿಂಗಾಗಿದೆ?" ಅಮ್ಮನಿಗೆ ಅರ್ಥ ಆಗ್ಲಿಲ್ಲ. "ಒಂದೂವರೆ ವರ್ಷ ಆಯ್ತು, ಊಟ ನಿದ್ದೆ ಇಲ್ಲ, ರಾತ್ರಿಯೆಲ್ಲ ಒಬ್ಳೇ ಕೂತು ಏನೇನೋ ಬರೀತಿರ್ತಾಳೆ" ಅಂದ್ರು. ಎರಡು ದಿನಕ್ಕೆ ಅತ್ತೆಯಿಂದ ಕೊರಿಯರಲ್ಲಿ ಬ್ರಾಹ್ಮಿ ಎಣ್ಣೆ ಬಂತು. ನಿಮ್ಹಾನ್ಸ್‌ಗೆ ಆ ಹೆಸರು ಬಂದಿದ್ದು 1974ರಲ್ಲಿ, ಐವತ್ತು ವರ್ಷ ಆಯ್ತು, ಅತ್ತೆ ತಲೇಲಿ ಅದು ಇನ್ನೂ ಹುಚ್ಚಾಸ್ಪತ್ರೆನೇ. ಎಣ್ಣೆ ಮಾತ್ರ ಚೆನ್ನಾಗಿದೆ, ಹಚ್ಕೋತಿದೀನಿ.

ಇದೆಲ್ಲ ನೋಡಿ ಅಮೆರಿಕಕ್ಕೇ ಅಪ್ಲೈ ಮಾಡೋಣ ಅನ್ಸಿದ್ದು. ಪಿಎಚ್‌ಡಿಗೆ ಹೆಚ್ಚಿನ ಕಡೆ ಫೀಸಿಲ್ಲ, ಸ್ಟೈಪೆಂಡೂ ಕೊಡ್ತಾರೆ, ಒಂದೇ ತೊಂದರೆ ಏನಂದ್ರೆ ನೂರಾರು ಜನ ಅಪ್ಲೈ ಮಾಡಿರೋ ಕಡೆ ಐದೋ ಎಂಟೋ ಜನಾನ ತಗೋತಾರೆ. ಅರ್ಜಿ ಜೊತೆ ಎಸ್‌ಒಪಿ ಬರೀಬೇಕು, ನೀನ್ಯಾಕೆ ಸೈಕಾಲಜಿಗೆ ಬಂದೆ ಅಂತ. ನಿಜ ಹೇಳ್ಬೇಕಂದ್ರೆ ಪಿಯುಸಿಲಿ ಫಿಸಿಕ್ಸ್ ಬರ್ತಿರ್ಲಿಲ್ಲ, ಅದಕ್ಕೆ. ಹಂಗಂತ ಬರೆಯಕ್ಕಾಗತ್ತಾ? ಬಾಲ್ಯದಲ್ಲೇನಾದ್ರೂ ದೊಡ್ಡ ನೋವಿದ್ರೆ ಎಸ್‌ಒಪಿ ತೂಕವಾಗಿರತ್ತೆ ಅಂತ ಒಬ್ಬ ಸೀನಿಯರ್ ಹೇಳಿದ್ಲು, ನಮ್ಮಪ್ಪ ಅಮ್ಮ ಇಬ್ರೂ ಒಳ್ಳೇವ್ರು, ಎಷ್ಟು ಕೆದಕಿದ್ರೂ ಏನೂ ಸಿಗ್ಲಿಲ್ಲ, ಒಂದ್ಸಲ ಚಾಮುಂಡಿ ಬೆಟ್ಟದಲ್ಲಿ ಕೋತಿ ಕೈಯಿಂದ ಸೌತೇಕಾಯಿ ಕಿತ್ಕೊಂಡಿದ್ದು ಬಿಟ್ರೆ. ಆಮೇಲೆ ನೋಡಿದ್ರೆ 2006ರಲ್ಲಿ ಆಪಲ್ಬಿ ಅನ್ನೋ ಇಬ್ರು ಯಾವ್ಯಾವ ಕಾರಣಕ್ಕೆ ಸೈಕಾಲಜಿ ಅರ್ಜಿಗಳು ಕಸದ ಬುಟ್ಟಿ ಸೇರ್ತವೆ ಅಂತಾನೇ ಸ್ಟಡಿ ಮಾಡಿದಾರೆ, ಅದಕ್ಕೆ ಕಿಸಸ್ ಆಫ್ ಡೆತ್, ಅಂದ್ರೆ ಸಾವಿನ ಮುತ್ತು, ಅಂತ ಹೆಸರು ಬೇರೆ, ಅದ್ರಲ್ಲಿ ಸ್ವಂತ ಮಾನಸಿಕ ಕಷ್ಟ ಹೇಳ್ಕೊಳ್ಳೋದೂ ಒಂದು! ಮನಸ್ಸಿನ ಬಗ್ಗೆ ಓದೋಕೆ ಹೋಗೋರು ಮನಸ್ಸಿನ ಮಾತು ಹೇಳ್ಬಾರ್ದು. ಕೋತಿ ಕಥೆ ಡಿಲೀಟ್ ಮಾಡಿದೆ.

ಶಿಫಾರಸು ಪತ್ರ ಮೂರು ಬೇಕು. ಇಬ್ರು ಮೇಷ್ಟ್ರು ಎಲ್ಲರೂ ಹೇಳೋದನ್ನೇ ಹೇಳಿದ್ರು, "ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ಕೊಡ್ತೀನಿ." ನನ್ನನ್ನ ನಾನೇ ಎರಡು ಬೇರೆ ಬೇರೆ ಗಂಡಸರ ದನೀಲಿ ಹೊಗಳ್ಕೊಂಡು ರಾತ್ರಿಯೆಲ್ಲ ಕೂತು ಬರೆದೆ (ಅಮ್ಮ ಅತ್ತೆಗೆ ಹೇಳಿದ್ದು ಇದನ್ನೇ). ಒಬ್ರು ಅದ್ರಲ್ಲಿ ತಿದ್ದಿದ್ದು ಒಂದೇ ಸಾಲು, ಅವರ ಡೆಸಿಗ್ನೇಷನ್ನು. ಮೂರನೆಯವರೇ ಈ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. "ನನ್ನ ಅಭಿಪ್ರಾಯಾನ ನೀನ್ಯಾಕಮ್ಮ ಬರೀಬೇಕು, ನಾನೇ ಬರೀತೀನಿ" ಅಂದ್ರು. ಅವತ್ತು ಆಟೋದಲ್ಲಿ ಕಣ್ಣಲ್ಲಿ ನೀರು ಬಂದಿತ್ತು, ಇಂಥೋರು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ ಅಂತ.

ಸರಿ, ಪತ್ರ ಬರೆದ್ರು, ಅಪ್ಲೋಡ್ ಮಾಡಿದ್ರು. ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಪತ್ರದ ಜೊತೆ ಒಂದು ಕೋಷ್ಟಕ ಇರತ್ತೆ. ಈ ಅಭ್ಯರ್ಥಿ ನಿಮ್ಮ ವಿದ್ಯಾರ್ಥಿಗಳಲ್ಲಿ ಯಾವ ಮಟ್ಟದವರು, ಟಿಕ್ ಮಾಡಿ: ಟಾಪ್ 1 ಪರ್ಸೆಂಟ್, ಟಾಪ್ 5, ಟಾಪ್ 10, ಟಾಪ್ 25, ಟಾಪ್ 50. ಲೋಕದಲ್ಲಿರೋ ಮೇಷ್ಟ್ರುಗಳೆಲ್ಲ ಕಣ್ಮುಚ್ಚಿ ಮೊದಲೆರಡ್ರಲ್ಲಿ ಒಂದಕ್ಕೆ ಟಿಕ್ ಹಾಕಿ ಊಟಕ್ಕೆ ಹೋಗ್ತಾರೆ. ನಮ್ಮ ಮೇಷ್ಟ್ರಿಗೆ ಕ್ಯಾಲ್ಕುಲೇಟರ್ ಸಿಕ್ತು.

"ನಿಮ್ಮ ಬ್ಯಾಚಲ್ಲಿ ಎಷ್ಟು ಜನಮ್ಮ?"

"ಹನ್ನೊಂದು, ಸರ್."

"ಹನ್ನೊಂದ್ರಲ್ಲಿ 1 ಪರ್ಸೆಂಟು ಅಂದ್ರೆ 0.11 ಜನ. ಅಂದ್ರೆ ಒಂದು ತೋಳು ಅಂತಿಟ್ಕೋ. 5 ಪರ್ಸೆಂಟು ಅಂದ್ರೆ 0.55, ಸೊಂಟದ ತನಕ. ಟಾಪ್ 10 ಅಂದ್ರೆ ಒಬ್ರು, ಅದು ಫಸ್ಟ್ ರ‍್ಯಾಂಕ್ ಹುಡುಗ. ನೀನು?"

"ಥರ್ಡು, ಸರ್."

ಒತ್ತಿದ್ರು. "3 ಭಾಗಿಸು 11. 27.27." ಸ್ಕ್ರೀನ್ ನೋಡಿದ್ರು, ನನ್ನ ನೋಡಿದ್ರು. ಡಾಕ್ಟ್ರು ರಿಪೋರ್ಟ್ ಹಿಡ್ಕೊಂಡು ನೋಡ್ತಾರಲ್ಲ, ಹಂಗೆ. "ಟಾಪ್ 25ಕ್ಕೆ ಬರಲ್ವಲ್ಲಮ್ಮ."

ನಂಗೆ ಬೆವರು ಬಂತು. ಟಾಪ್ 50ಗೆ ಟಿಕ್ ಹಾಕಿದ ಪತ್ರ ಕಳಿಸೋದೂ ಒಂದೇ, ಇವಳನ್ನ ತಗೋಬೇಡಿ ಅಂತ ಟೆಲಿಗ್ರಾಂ ಕೊಡೋದೂ ಒಂದೇ. "ಸರ್, ಅಲ್ಲಿ ಯಾರೂ ಇಷ್ಟು ಲೆಕ್ಕ ಹಾಕಲ್ಲ" ಅಂದೆ. "ಹಾಗಾದ್ರೆ ಯಾಕೆ ಕೇಳಿದಾರೆ?" ಅಂದ್ರು. ಇದಕ್ಕೆ ಉತ್ತರ ಇದ್ದೋರು ಹೇಳಿ. "ನಿಮ್ಮ ಸರ್ವೀಸಲ್ಲಿ ನೋಡಿರೋ ಎಲ್ಲ ಸ್ಟೂಡೆಂಟ್ಸೂ ಸೇರಿಸ್ಕೊಂಡು ಹೇಳಿ ಸರ್" ಅಂದೆ. "ಅವರದ್ದೆಲ್ಲ ಮಾರ್ಕ್ಸ್ ಇಲ್ಲಮ್ಮ ನನ್ನ ಹತ್ರ, ಡೇಟಾ ಇಲ್ದೆ ಹೆಂಗೆ ಹೇಳ್ಲಿ? ರ‍್ಯಾಂಕ್ ಬೇರೆ, ಪರ್ಸೆಂಟೈಲ್ ಬೇರೆ. ಹನ್ನೊಂದು ಜನಕ್ಕೆ ರ‍್ಯಾಂಕ್ ಕೊಡ್ಬೋದು, ಸ್ಪಿಯರ್‌ಮನ್ ಹೇಳಿರೋದೇ ಅದು…" ಅಂತ ಶುರುಮಾಡಿದ್ರು. ಹತ್ತು ಗಂಟೆ ಎರಡು ನಿಮಿಷ. ಸ್ಪಿಯರ್‌ಮನ್ (ರ‍್ಯಾಂಕ್ ಲೆಕ್ಕಕ್ಕೆ ಸೂತ್ರ ಕೊಟ್ಟ ಬ್ರಿಟಿಷ್ ಸೈಕಾಲಜಿಸ್ಟು) ಬಂದ್ಮೇಲೆ ಗೋಪಾಲಸ್ವಾಮಿಯವರು ಬರ್ಲೇಬೇಕು, ಅದು ನಮಗೆ ಮೊದಲ ಸೆಮಿಸ್ಟರಿಂದ ಗೊತ್ತು. ಲಂಡನ್ನಲ್ಲಿ ಸ್ಪಿಯರ್‌ಮನ್ ಹತ್ರಾನೇ ಓದಿ ಬಂದು 1924ರಲ್ಲಿ ಮೈಸೂರಲ್ಲಿ ಸೈಕಾಲಜಿ ಡಿಪಾರ್ಟ್‌ಮೆಂಟ್ ಕಟ್ಟಿದ್ರು, 1935ರಲ್ಲಿ ಮನೇಲೇ ರೇಡಿಯೋ ಸ್ಟೇಷನ್ ಶುರುಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. "ಅವರೇನು ಪೋರ್ಟಲ್ಲಲ್ಲಿ ಟಿಕ್ ಹಾಕಿಸ್ಕೊಂಡು ಹೋಗಿದ್ರಾ ಲಂಡನ್ನಿಗೆ?" ಅಂದ್ರು ಮೇಷ್ಟ್ರು. ಇಲ್ಲ ಸರ್. ಹತ್ತೂ ಏಳು.

ಆವಾಗ ಹೊಳೀತು ನಂಗೆ. "ಸರ್, ಫಸ್ಟ್ ಇಯರಲ್ಲಿ ನಾವು ಹನ್ನೆರಡು ಜನ ಇದ್ವಿ! 3 ಭಾಗಿಸು 12, ಸರಿಯಾಗಿ 25!"

ಮೇಷ್ಟ್ರ ಮುಖ ಅರಳ್ತು. "ಹೌದಲ್ವಾ, ಆ ಹಾಸನದ ಹುಡುಗಿ. ಮಧ್ಯದಲ್ಲಿ ಬಿಟ್ಟೋಳನ್ನ ಸ್ಯಾಂಪಲ್‌ಗೆ ಸೇರಿಸ್ಬೋದಾ…" ಅಂತ ಯೋಚಿಸಿ, ಸೇರಿಸ್ಬೋದು ಅಂತ ಆಯ್ತು, ಪೆನ್ನು ತಗೊಂಡ್ರು, ಪೆನ್ನು ಅಲ್ಲೇ ನಿಲ್ತು. "ಅವಳನ್ನ ಸೇರಿಸಿದ್ರೆ ನೀನು ಮೂರನೆಯವಳು ಆಗಲ್ವಲ್ಲಮ್ಮ. ಅವಳು ನಿಮ್ಮೆಲ್ಲರಿಗಿಂತ ಮುಂದಿದ್ಲು. ನೀನು ನಾಲ್ಕು. 33.33."

ಅದು ನಿಜ. ಫಸ್ಟ್ ಇಯರಲ್ಲಿ ಎರಡು ಸೆಮಿಸ್ಟರೂ ಅವಳೇ ಫಸ್ಟು. ಬೇಸಿಗೆ ರಜೆಗೆ ಊರಿಗೆ ಹೋದೋಳು ಮದುವೆ ಕಾರ್ಡ್ ಕಳಿಸಿದ್ಲು, ಆಮೇಲೆ ಓದಿಸ್ತಾರಂತೆ ಅಂದಿದ್ಲು. ಅವಳ ಸ್ಟ್ಯಾಟ್ಸ್ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡೇ ನಾವು ಹನ್ನೊಂದೂ ಜನ ಪಾಸಾಗಿದ್ದು, ಮೇಷ್ಟ್ರಿಗೆ ಇದು ಗೊತ್ತಿಲ್ಲ, ಹೇಳೋಕೂ ಹೋಗ್ಲಿಲ್ಲ. ಒಂದು ನಿಮಿಷ ಇಬ್ರೂ ಸುಮ್ನೆ ಕೂತಿದ್ವಿ. ಅವಳು ಎಲ್ಲೋ ಅರಸೀಕೆರೇಲಿ ಮಗೂಗೆ ಊಟ ತಿನ್ನಿಸ್ತಿರ್ತಾಳೆ, ನಾವಿಲ್ಲಿ ಅವಳನ್ನ ಲೆಕ್ಕಕ್ಕೆ ತಗೋಬೇಕಾ ಬೇಡ್ವಾ ಅಂತ ಕೂತಿದೀವಿ.

"ಹೋಗ್ಲಿ, ಹನ್ನೊಂದೇ ಇಟ್ಕೊಳ್ಳೋಣ" ಅಂದ್ರು ಮೇಷ್ಟ್ರು. "ಮುಂದಿಂದು, ಎಮೋಷನಲ್ ಮೆಚ್ಯುರಿಟಿ. ನೀನು ಥರ್ಡ್ ಸೆಮ್ ವೈವಾದಲ್ಲಿ ಅತ್ತಿದ್ದೆ."

"ಸರ್, ಅದು ನೀವೇ ಅಳಿಸಿದ್ದು."

"ಅಳಿಸಿದ್ದು ನಾನು. ಅತ್ತಿದ್ದು ನೀನು."

ಹತ್ತೂ ಹದಿನಾಲ್ಕಕ್ಕೆ ಅವರು ಕನ್ನಡಕ ಹಾಕ್ಕೊಂಡು ಪುಟದ ಮೇಲ್ಗಡೆ ಏನಿದೆ ಅಂತ ಓದಿದ್ರು. ಪತ್ರ ನೋಡೋ ಹಕ್ಕನ್ನ ಅಭ್ಯರ್ಥಿ ಬಿಟ್ಟುಕೊಟ್ಟಿದಾರೆ ಅಂತ ಅಲ್ಲಿ ಇರತ್ತೆ. ಅಲ್ಲಿನ ಕಾನೂನು ಪ್ರಕಾರ ಸ್ಟೂಡೆಂಟಿಗೆ ನೋಡೋ ಹಕ್ಕಿದೆ, ಆದ್ರೆ ಬಿಟ್ಟುಕೊಡ್ಲಿಲ್ಲ ಅಂದ್ರೆ ಪತ್ರಾನ ಯಾರೂ ನಂಬಲ್ಲ, ಹಂಗಾಗಿ ಎಲ್ರೂ ಬಿಟ್ಟುಕೊಡ್ತಾರೆ, ನಾನೂ ಬಿಟ್ಟುಕೊಟ್ಟಿದ್ದೆ. ಮೇಷ್ಟ್ರು ಗಾಬರಿಯಾಗಿ ಮಾನಿಟರನ್ನ ಗೋಡೆ ಕಡೆ ತಿರುಗಿಸಿದ್ರು. "ನೀನು ನೋಡ್ಬಾರ್ದಂತಲ್ಲಮ್ಮ! ಒಳಗೆ ಹೋಗು, ಒಳಗೆ ಹೋಗು!" ಅರ್ಧ ಗಂಟೆ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ನನ್ನನ್ನೇ ತೋಳು ಸೊಂಟ ಅಂತ ಭಾಗ ಮಾಡಿದ ಮೇಲೆ ಬಂದ ಬುದ್ಧಿ ಇದು.

ಅಡುಗೆಮನೇಲಿ ಆಂಟಿ ಒಂದು ಮಾತೂ ಆಡ್ದೆ ಒಂದು ಮೊರ ಅವರೆಕಾಯಿ ನನ್ನ ಮುಂದಿಟ್ರು. ಸೊಗಡು ಅವರೆ, ಈ ವರ್ಷದ ಮೊದಲನೇದಂತೆ. ನಾನು ಸುಲೀತಾ ಕೂತೆ. ಹೊರಗಿಂದ ಮೇಷ್ಟ್ರು ಒಂದೇ ಬೆರಳಲ್ಲಿ ಟೈಪ್ ಮಾಡೋ ಸದ್ದು, ಟಕ್, ಆಮೇಲೆ ತುಂಬಾ ಹೊತ್ತು ಏನಿಲ್ಲ, ಆಮೇಲೆ ಟಕ್. ಹತ್ತೂ ಇಪ್ಪತ್ತು. ಹತ್ತೂ ಇಪ್ಪತ್ತೆರಡು. ನಾನು ಸಿಪ್ಪೆನ ಪಾತ್ರೆಗೂ ಕಾಳನ್ನ ಕಸಕ್ಕೂ ಹಾಕ್ತಿದೀನಿ ಅಂತ ಆಂಟಿ ಹೇಳಿದ ಮೇಲೆ ಗೊತ್ತಾಯ್ತು. "ಎರಡು ದಿನದಿಂದ ಅದೇ ಪತ್ರ ಬರೀತಿದ್ರು ಕಣಮ್ಮ" ಅಂದ್ರು ಆಂಟಿ, "ಬರೆಯೋದು ಹರಿಯೋದು, ಬರೆಯೋದು ಹರಿಯೋದು. ನಮ್ಮ ಮಗನ ಮದುವೆ ಕಾರ್ಡಿಗೂ ಇಷ್ಟು ಯೋಚಿಸಿರ್ಲಿಲ್ಲ."

ಹತ್ತೂ ಇಪ್ಪತ್ತನಾಲ್ಕಕ್ಕೆ "ಹೋಯ್ತಮ್ಮಾ!" ಅಂತ ಕೂಗಿದ್ರು. ಮೊಬೈಲಲ್ಲಿ ಪೋರ್ಟಲ್ ನೋಡಿದೆ, ಪತ್ರ ತಲುಪಿದೆ ಅಂತ ಹಸಿರು ಟಿಕ್ ಬಂದಿತ್ತು. ಕೋಷ್ಟಕದಲ್ಲಿ ಯಾವ ಮನೆಗೆ ಟಿಕ್ ಹಾಕಿದ್ರು ಅಂತ ನಾನು ಕೇಳೋ ಹಂಗಿಲ್ಲ, ಅವರು ಹೇಳೋ ಹಂಗಿಲ್ಲ. ಮುಖ ನೋಡಿ ಕಂಡುಹಿಡಿಯೋಣ ಅಂದ್ರೆ, ಐದು ವರ್ಷ ಸೈಕಾಲಜಿ ಓದಿದೀನಿ, ಏನೂ ಗೊತ್ತಾಗ್ಲಿಲ್ಲ.

ಬಸ್‌ಸ್ಟ್ಯಾಂಡಿಂದ ಹಾಸನದ ಹುಡುಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಳು. ಹಿಂದೆ ಕುಕ್ಕರ್ ಕೂಗ್ತಿತ್ತು. "ಸರ್‌ಗೆ ನಾನು ನೆನಪಿದೀನೇನೇ?" ಅಂದ್ಲು. "ಪಾಯಿಂಟ್ ಸಮೇತ ನೆನಪಿದೀಯ" ಅಂದೆ. ಮಗು ಅಳೋಕೆ ಶುರುವಾಯ್ತು, ಆಮೇಲೆ ಮಾಡ್ತೀನಿ ಅಂತ ಇಟ್ಬಿಟ್ಳು.

ನಾನು ಅಪ್ಲೈ ಮಾಡಿರೋದು ಏಳು ಕಡೆ. ಅಂದ್ರೆ ಇನ್ನೂ ಆರು ಪೋರ್ಟಲ್ಲು, ಆರು ಲಿಂಕು, ಆರು ಕೋಷ್ಟಕ, ಒಂದೊಂದರ ಅರ್ಜಿ ಫೀಸೂ ಆರು ಸಾವಿರ ಚಿಲ್ರೆ. ಇವತ್ತು ಬೆಳಗ್ಗೆ ಹಲ್ಲುಜ್ಜೋ ಹೊತ್ತಿಗೇ ಮೇಷ್ಟ್ರ ಫೋನು. ಎದೆ ಧಸಕ್ ಅಂತು.

"ಏನಮ್ಮಾ, ಇನ್ನೊಂದು ಬಂದಿದೆ, ಓಪನ್ ಮಾಡ್ದೆ" ಅಂದ್ರು. ದನಿ ಏನೋ ಬೇರೆ ಥರ ಇತ್ತು, ಇಷ್ಟು ವರ್ಷದಲ್ಲಿ ಅವರು ಹಂಗೆ ಮಾತಾಡಿದ್ದೇ ಕೇಳಿಲ್ಲ ನಾನು. "ಈ ಯೂನಿವರ್ಸಿಟಿಯೋರು ಟಾಪ್ 30 ಅಂತ ಒಂದು ಕಾಲಂ ಇಟ್ಟಿದಾರಮ್ಮ! ನೀನು ಬರ್ತೀಯಾ!"