ಗುರುವಿನ ಕೆಮ್ಮನ್ನೂ ಕಲಿತವರು

ಹಾಡುಗಾರರ ನಡುವೆ ಒಂದು ಹಳೆಯ ಚೇಷ್ಟೆ ಇದೆ. ಶಿಷ್ಯ ಮೊದಲು ಗುರುವಿನ ಕೆಮ್ಮು ಕಲಿಯುತ್ತಾನಂತೆ, ರಾಗ ಆಮೇಲೆ. ಈಗ ಅದಕ್ಕೆ ಗುರುವಿನ ಮನೆಗೆ ಹೋಗಿ ನೀರು ಸೇದುವ ಕಷ್ಟವೂ ಇಲ್ಲ, ಕೆಮ್ಮು ಯೂಟ್ಯೂಬಿನಲ್ಲೇ ಸಿಗುತ್ತದೆ. "ಕುಮಾರ ಗಂಧರ್ವರೇ ನನ್ನ ಸ್ಫೂರ್ತಿ" ಎಂದು ಬರೆದುಕೊಂಡ ಎಳೆಯ ಹಿಂದುಸ್ತಾನಿ ಗಾಯಕರ ರೀಲ್ಸ್ ಕೇಳಿ. ನಾಲ್ಕು ಸ್ವರದ ತುಂಡು, ಥಟ್ಟನೆ ಮೌನ, ತಾರಸಪ್ತಕದಲ್ಲಿ (ಮೇಲಿನ ಸ್ಥಾಯಿಯಲ್ಲಿ) ಒಂದು ಎಸೆತ, ಕೂಡಲೇ ಪಿಸುಮಾತು. ಹೊರಗಿನದೆಲ್ಲ ಕುಮಾರರದ್ದೇ. ಒಳಗೆ ಅವರು ಇಲ್ಲ.

ನಮ್ಮ ಧಾರವಾಡ, ಗದಗ, ಬೆಳಗಾವಿ ಸೀಮೆಯ ಗಾಯಕರನ್ನು ಆರಾಧಿಸುವವರು ಬಹಳ. ಅವರಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಮುಟ್ಟಬಾರದು ಎಂಬ ಮಾತು ಮಾತ್ರ ಕಡಿಮೆ. ನನ್ನ ಅಭಿಪ್ರಾಯ ಇಷ್ಟೇ: ಅವರ ದನಿ ನಮಗೆ ಬೇಡ, ಅವರು ಮಾಡಿಕೊಂಡ ತೀರ್ಮಾನಗಳು ಬೇಕು. ದನಿ ಎಂಬುದು ಆ ಒಂದು ದೇಹದ ಚರಿತ್ರೆ.

ಕುಮಾರರನ್ನೇ ನೋಡಿ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಬಾಲ್ಯದಲ್ಲಿ ಅನುಕರಣೆಯ ಅದ್ಭುತವೇ ಆಗಿದ್ದರು. ಗ್ರಾಮಫೋನ್ ಪ್ಲೇಟಿನಲ್ಲಿ ಕೇಳಿದ ದೊಡ್ಡ ಉಸ್ತಾದರ ಗಾಯನವನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದ ಹುಡುಗ ಅವರು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಕೈಗೆ ಸಿಕ್ಕ ಮೇಲೆ ಅದು ಸೋಸಿತು. ಆಮೇಲೆ ಕ್ಷಯ. 1948ರಲ್ಲಿ ಒಣಹವೆಗೆಂದು ಮಾಳವದ ದೇವಾಸಕ್ಕೆ ಹೋದರು, ವರ್ಷಗಟ್ಟಲೆ ಹಾಡಕೂಡದು ಎಂಬ ಕಟ್ಟು. 1953ರ ಹೊತ್ತಿಗೆ ಮತ್ತೆ ಕಛೇರಿಗೆ ಕೂತಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಆ ಚಿಕ್ಕ ಚಿಕ್ಕ ತುಂಡುಗಳಿಗೆ ಇದೊಂದೇ ಕಾರಣ ಎನ್ನಲಾಗದು, ಅವರ ಸೌಂದರ್ಯದ ಕಲ್ಪನೆಯೂ ಅದರಲ್ಲಿತ್ತು. ಆದರೆ ಇದ್ದಷ್ಟು ಗಾಳಿಯಲ್ಲಿ ಏನನ್ನು ಹೇಳಿ ಏನನ್ನು ಬಿಡಬೇಕು ಎಂಬ ಲೆಕ್ಕ ಪ್ರತಿ ತುಂಡಿನ ಹಿಂದೆಯೂ ಇದೆ. ಎರಡೂ ಶ್ವಾಸಕೋಶ ಗಟ್ಟಿಯಿರುವ ಇಪ್ಪತ್ತೆರಡರ ಹುಡುಗ ಆ ಲೆಕ್ಕವಿಲ್ಲದೆ ತುಂಡು ಹಾಡಿದರೆ, ಕಾಲು ನೆಟ್ಟಗಿದ್ದೂ ಕುಂಟಿದ ಹಾಗೆ.

ಗಂಗೂಬಾಯಿ ಹಾನಗಲ್ಲರ ವಿಷಯವೂ ಇದೇ. ಅವರ ಮೊದಮೊದಲ 78 ವೇಗದ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿಯಿತು, ಗಡುಸಾಯಿತು. ಇಳಿದದ್ದನ್ನು ಮುಚ್ಚಿಡದೆ ಅದರ ಭಾರಕ್ಕೆ ತಕ್ಕ ನಿಧಾನದ ಬಢತ್, ಅಂದರೆ ರಾಗ ಬೆಳೆಸುವ ಕ್ರಮ, ಕಟ್ಟಿಕೊಂಡರು. ಕಲಿಯಬೇಕಾದದ್ದು ಅದನ್ನು. ಬದಲಿಗೆ ಕೆಲವು ಹೆಣ್ಣುಮಕ್ಕಳು ತಮ್ಮ ಷಡ್ಜವನ್ನೇ (ಆಧಾರಸ್ವರ ಸಾ) ಹಾರ್ಮೋನಿಯಮ್ಮಿನ ಮೂರು ನಾಲ್ಕು ಪಟ್ಟಿ ಕೆಳಗಿಳಿಸಿ, ಗಂಟಲು ಒತ್ತಿ "ಗಂಗೂಬಾಯಿ ದನಿ" ತೆಗೆಯಲು ಹೋಗುತ್ತಾರೆ. ಆರು ತಿಂಗಳಲ್ಲಿ ತಾರದ ಗಾಂಧಾರ ಕೈಬಿಡುತ್ತದೆ, ಹಾಡಿದ ಮರುದಿನ ದನಿ ಒಡೆದಿರುತ್ತದೆ. ಗೊಗ್ಗರು ಎರಡು ಮೂರು ವಾರ ದಾಟಿದರೆ ಕಷಾಯ ಬಿಟ್ಟು ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಹೋಗಿ.

ನಿಮ್ಮ ಷಡ್ಜ ಯಾವುದು ಎಂದು ಗುರುವಿನ ಪಟ್ಟಿ ನೋಡಿ ನಿರ್ಧರಿಸಬೇಡಿ. ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಪಂಚಮವನ್ನು ಎಂಟು ಹತ್ತು ಸೆಕೆಂಡು ಪುಡಿಯಾಗದಂತೆ ಹಿಡಿಯಲು ಬರಬೇಕು, ತಾರದ ಮಧ್ಯಮ ಪಂಚಮದ ತನಕ ಗದ್ದ ಎತ್ತದೆ ಹೋಗಿ ಬರಬೇಕು. ಎರಡೂ ಒಪ್ಪುವ ಪಟ್ಟಿಯೇ ನಿಮ್ಮದು. ಬೆಳಿಗ್ಗೆಯೊಂದು ಸಂಜೆಯೊಂದು ಹೊತ್ತು, ವಾರವಿಡೀ ಪರೀಕ್ಷಿಸಿ. ಬೆಳಗಿನ ದನಿ ಅರ್ಧ ಪಟ್ಟಿ ಕೆಳಗಿರುವುದು ಸಹಜ, ಅದನ್ನೇ ನಂಬಿ ಷಡ್ಜ ಇಳಿಸಿಕೊಂಡವರು ಸಂಜೆ ಕಛೇರಿಯಲ್ಲಿ ಒದ್ದಾಡುತ್ತಾರೆ. ಹಳೆಯ ಪ್ಲೇಟುಗಳಿಂದ ಗಾಯಕರ ಪಟ್ಟಿ ಲೆಕ್ಕ ಹಾಕುವುದಂತೂ ಬೇಡವೇ ಬೇಡ. ಪ್ಲೇಟು ತಿರುಗುವ ವೇಗ ಸ್ವಲ್ಪ ಹೆಚ್ಚಾದರೂ ದನಿ ಮೇಲೇರಿರುತ್ತದೆ.

ಇನ್ನೊಂದು ಮೋಜಿನ ಸಂಗತಿ. ಒಂದು ಇಡೀ ಘರಾಣೆಯೇ (ಗಾಯನ ಪರಂಪರೆಯೇ) ಕೆಟ್ಟ ಗಂಟಲಿನಿಂದ ಹುಟ್ಟಿದೆ. ಜೈಪುರ-ಅತ್ರೌಲಿಯ ಅಲ್ಲಾದಿಯಾ ಖಾನರು ವಿಪರೀತ ಹಾಡಿ ದನಿ ಕಳೆದುಕೊಂಡರು, ತಿರುಗಿ ಬಂದ ದನಿ ಮೊದಲಿನದಾಗಿರಲಿಲ್ಲ. ಆ ದನಿಗೆ ಒಪ್ಪುವಂತೆ ಲಯಕ್ಕೆ ಹೆಣೆದ, ಸುತ್ತಿ ಸುತ್ತಿ ಏರುವ ಗಾಯನಶೈಲಿಯನ್ನು ಕಟ್ಟಿದರು. ಅದು ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಮೂಲಕ ಮಲ್ಲಿಕಾರ್ಜುನ ಮನ್ಸೂರರಿಗೆ ಬಂತು. ಮನ್ಸೂರರೋ ಆ ಹೊತ್ತಿಗೆ ಮಿರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಪಾಠ ಮುಗಿಸಿ ಹೆಸರು ಮಾಡಿದ್ದವರು. ಹೆಸರು ಬಂದ ಮೇಲೆ ಮತ್ತೊಬ್ಬರ ಎದುರು ಶಿಷ್ಯನಾಗಿ ಕೂರುವ ಆ ತೀರ್ಮಾನ, ಅವರ ತಾನುಗಳಿಗಿಂತ (ವೇಗದ ಸ್ವರಸರಣಿಗಳಿಗಿಂತ) ದೊಡ್ಡದೆಂದು ನನಗೆ ಅನ್ನಿಸುತ್ತದೆ. ಯಾರೂ ಅದನ್ನು ನಕಲು ಮಾಡುವುದಿಲ್ಲ, ಬಿಡಿ.

ಸರಿ, ತೀರ್ಮಾನಗಳನ್ನು ಒಂದು ರೆಕಾರ್ಡಿಂಗಿನಿಂದ ಹೊರತೆಗೆಯುವುದು ಹೇಗೆ? ದಿನಕ್ಕೆ ಆರು ಗಂಟೆ ಕೇಳಿ ಮೈಮರೆಯುವುದರಿಂದ ಅಲ್ಲ, ಮೂರೇ ಆವರ್ತನವನ್ನು (ತಾಳದ ಮೂರು ಸುತ್ತನ್ನು) ಹತ್ತು ದಿನ ಕೇಳಿ ಬರೆಯುವುದರಿಂದ.

ನಿಮಗೆ ಪಾಠವಾಗಿರುವ ರಾಗವನ್ನೇ ಆರಿಸಿ. ಮನ್ಸೂರರೆಂದರೆ ಎಲ್ಲರೂ ನೇರ ಶಿವಮತ ಭೈರವ, ಲಚ್ಛಾಸಾಖ, ಖಟ್ ಎಂದು ಓಡುತ್ತಾರೆ. ರಾಗವೇ ಗೊತ್ತಿಲ್ಲದಿದ್ದರೆ ಗಾಯಕ ಎಲ್ಲಿ ರಾಗದ ದಾರಿ ಹಿಡಿದ, ಎಲ್ಲಿ ತನ್ನ ದಾರಿ ಮಾಡಿಕೊಂಡ ಎಂಬುದು ತಿಳಿಯುವುದಿಲ್ಲ. ಗೌಡ ಮಲ್ಹಾರ್ ಕಲಿತಿದ್ದರೆ ಅದನ್ನು ತೆಗೆದುಕೊಳ್ಳಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವಿಲಂಬಿತದ, ಅಂದರೆ ನಿಧಾನ ಲಯದ ಭಾಗದ, ನಡುವಿನ ಮೂರು ಆವರ್ತನ ಕತ್ತರಿಸಿ, ಶ್ರುತಿ ಬದಲಾಗದಂತೆ ವೇಗವನ್ನಷ್ಟೇ ನೂರಕ್ಕೆ ಎಪ್ಪತ್ತಕ್ಕೆ ಇಳಿಸಿ. ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಕಲಸಿಹೋಗಿ ಮೆಟ್ಟಿಲಿನಂತೆ ಕೇಳಿಸತೊಡಗುತ್ತದೆ. ಆ ಮೆಟ್ಟಿಲನ್ನೇ ಕಲಿತು ಹಾಡುವವರೂ ಇದ್ದಾರೆ.

ಹಾಳೆಯಲ್ಲಿ ನಾಲ್ಕು ಮನೆ ಹಾಕಿ: ಸೆಕೆಂಡು, ಮಾತ್ರೆ (ತಾಳದ ಒಂದು ಎಣಿಕೆ), ಸ್ವರ, ಉಸಿರು. ಮೊದಲ ಎರಡು ದಿನ ತಬಲಾ ಮಾತ್ರ ಕೇಳಿ. ತೀನ್‌ತಾಲದ ಹದಿನಾರು ಮಾತ್ರೆಯಲ್ಲಿ ಒಂಬತ್ತರ ಆಚೆ ಡಗ್ಗಾದ (ಎಡಗೈಯ ತಬಲಾ) ಗುಂಯ್ ನಿಲ್ಲುತ್ತದಲ್ಲ, ಅದೇ ಖಾಲಿಯ, ಅಂದರೆ ತಾಳದ ಪೆಟ್ಟಿಲ್ಲದ ಭಾಗದ, ಗುರುತು. ಆಮೇಲೆ ಮೂರು ದಿನ ಉಸಿರಿನ ಮನೆ ತುಂಬಿ, ಸ್ವರ ಇನ್ನೂ ಬೇಡ. ಗಾಯಕ ಗಾಳಿ ತೆಗೆದುಕೊಂಡ ಕಡೆಯೆಲ್ಲ ಒಂದು ಅಡ್ಡಗೆರೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಮೌನವೆಲ್ಲ ಉಸಿರು ಎಂದುಕೊಳ್ಳುತ್ತಾರೆ, ಉಸಿರು ತೆಗೆದುಕೊಳ್ಳದೆಯೂ ಗಾಯಕ ನಿಲ್ಲುತ್ತಾನೆ. ಹೆಡ್‌ಫೋನ್ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಕೊನೆಗೆ ಸ್ವರ.

ಮನ್ಸೂರರ ಹಾಳೆ ತುಂಬಿದಾಗ ಒಂದು ವಿಚಿತ್ರ ಕಾಣುತ್ತದೆ: ಅಡ್ಡಗೆರೆಗಳು ಸಂಗತಿ (ಒಂದು ಸ್ವರಗುಚ್ಛ) ಮುಗಿಯುವ ಕಡೆ ಬಿದ್ದಿರುವುದಿಲ್ಲ. ಒಂದು ಸಂಗತಿಯ ಬಾಲವೇ ಮುಂದಿನದರ ತಲೆಯಾಗಿರುತ್ತದೆ, ಉಸಿರು ನಡುವೆಲ್ಲೋ ಕಳ್ಳತನದಲ್ಲಿ ಆಗಿಹೋಗಿರುತ್ತದೆ. ಹಾಗಾಗಿಯೇ ಕೇಳುವವನಿಗೆ ನಿಲುಗಡೆ ಸಿಗುವುದಿಲ್ಲ, ಸಮ (ತಾಳದ ಮೊದಲ ಮಾತ್ರೆ) ಬಂದಾಗ ಬಿದ್ದ ಹಾಗಾಗುತ್ತದೆ. ಅಭಿಮಾನಿಗೆ ಕೇಳಿಸುವುದು ತಾನಿನ ವೇಗ ಮಾತ್ರ. ಅವನು ಮನೆಗೆ ಹೋಗಿ ಸರಿಗಮ ರಿಗಮಪ ಎಂದು ಪಲ್ಟಾ ದೌಡಾಯಿಸುತ್ತಾನೆ. ಎಷ್ಟು ದೌಡಾಯಿಸಿದರೂ ಅದು ಆ ತಾನು ಆಗುವುದಿಲ್ಲ, ಏಕೆಂದರೆ ಜೈಪುರದ ತಾನು ನೆಟ್ಟಗಿನ ಅಲಂಕಾರದ್ದಲ್ಲ, ರಾಗದ ಡೊಂಕು ಸಂಗತಿಗಳನ್ನೇ ಹೆಣೆದದ್ದು.

ಅದೇ ಹಾಳೆಯಲ್ಲಿ ಭೀಮಸೇನ ಜೋಶಿಯವರ ವಿಲಂಬಿತ ಏಕತಾಲ ಬರೆದು ಪಕ್ಕದಲ್ಲಿಡಿ. ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೆ ಹನ್ನೆರಡು ಮಾತ್ರೆಗೆ 48 ಸೆಕೆಂಡು. ಜೈಪುರದ ತೀನ್‌ತಾಲದಲ್ಲಿ ಮಾತ್ರೆಗೆ ಒಂದೂವರೆ ಸೆಕೆಂಡು ಎಂದರೂ ಆವರ್ತನ 24 ಸೆಕೆಂಡಿಗೆ ಮುಗಿಯಿತು. ಒಬ್ಬರಿಗೆ ಸಿಗುವ ಜಾಗ ಇನ್ನೊಬ್ಬರಿಗೆ ಸಿಗುವುದರ ಅರ್ಧ. ಭೀಮಸೇನರ ಕಿರಾಣಾ ಘರಾಣೆಯವರು ಒಂದು ನಿಷಾದದ ಮೇಲೆ ಅಷ್ಟು ಹೊತ್ತು ನಿಲ್ಲಲು ಆಗುವುದು, ಜೈಪುರದವರು ಲಯದ ಜೊತೆ ಸೆಣಸುತ್ತಲೇ ಇರಬೇಕಾಗುವುದು, ಎರಡೂ ಈ ಲೆಕ್ಕದಲ್ಲೇ ಇದೆ. ಕಿರಾಣಾದ ಆಲಾಪವನ್ನು ಜೈಪುರದ ಲಯಕ್ಕೆ ತುರುಕಿದರೆ ಮುಖಡಾ (ಸಮಕ್ಕೆ ಒಯ್ಯುವ ಹಾಡಿನ ಮೊದಲ ತುಂಡು) ಹಿಡಿಯುವ ಹೊತ್ತಿಗೆ ಗಾಯಕ ಇನ್ನೂ ಗಾಂಧಾರದಲ್ಲೇ ಇರುತ್ತಾನೆ. "ನನಗೆ ಇಬ್ಬರೂ ಇಷ್ಟ" ಎನ್ನುವವರ ಹಾಡು ಎಡವುವುದು ಬಹುಪಾಲು ಇಲ್ಲೇ.

ಭೀಮಸೇನರ ಹೆಸರು ಬಂತು. ಗದಗಿನಿಂದ ಮನೆ ಬಿಟ್ಟು ಹೋಗುವಂತೆ ಆ ಹುಡುಗನನ್ನು ಎಬ್ಬಿಸಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಪ್ಲೇಟು. ಖಾನರ ದನಿ ಎಳೆ ಎಳೆಯಾಗಿ ಹರಿಯುವ ಸಣ್ಣ ದನಿ. ಭೀಮಸೇನರದ್ದು ಗುಡುಗು. ಸ್ಫೂರ್ತಿ ಕೊಟ್ಟವರ ದನಿಯ ನೆರಳೂ ಇಲ್ಲ, ಆದರೆ ಸ್ವರ ಸ್ವರವಾಗಿ ರಾಗ ಬಿಡಿಸುವ ಕ್ರಮ ಹಾಗೇ ಉಳಿಯಿತು. ಅದು ಬಂದದ್ದು ಖಾನರ ಶಿಷ್ಯ, ಕುಂದಗೋಳದ ಸವಾಯಿ ಗಂಧರ್ವರಿಂದ. ಅದೇ ಗುರುವಿನ ಬಳಿ ಗಂಗೂಬಾಯಿ, ಫಿರೋಜ್ ದಸ್ತೂರ್ ಕೂಡ ಕಲಿತರು. ಒಂದೇ ಪಾಠ, ಮೂವರಲ್ಲಿ ಯಾರನ್ನೂ ಇನ್ನೊಬ್ಬರೆಂದು ತಪ್ಪು ತಿಳಿಯುವಂತಿಲ್ಲ.

ಕೇಳುವವರು ಗಮನಿಸದ ಇನ್ನೊಂದು ತೀರ್ಮಾನವಿದೆ, ಏನನ್ನು ಹಾಡಬಾರದು ಎಂಬುದು. ಭೀಮಸೇನರು ಯಮನ್, ಪೂರಿಯಾ, ತೋಡಿ, ದರ್ಬಾರಿ, ಶುದ್ಧ ಕಲ್ಯಾಣ ಇಂಥ ರಾಗಗಳಿಗೇ ಮತ್ತೆ ಮತ್ತೆ ಮರಳಿದರು. ಮನ್ಸೂರರು ಜೋಡ ರಾಗಗಳ ಕಣಜವನ್ನೇ ಹೊತ್ತಿದ್ದರು. ಎರಡೂ ದೊಡ್ಡ ದಾರಿಗಳೇ. ಈಗಿನ ಮಕ್ಕಳು ವರ್ಷಕ್ಕೆ ನಲವತ್ತು ರಾಗ "ಮಾಡುತ್ತಾರೆ", ಪ್ರತಿಯೊಂದಕ್ಕೂ ಒಂದು ಬಂದಿಶ್ (ಹಾಡಿನ ರಚನೆ), ಎರಡು ತಾನು. ನನ್ನ ಸಲಹೆ: ಎರಡು ವರ್ಷ ಐದೇ ರಾಗ, ಬೆಳಗಿನದು ಎರಡು, ಸಂಜೆಯದು ಎರಡು, ಮಳೆಯದೊಂದು. ಬೇಜಾರಾಗುವ ತನಕ ಹಾಡಿ. ನಿಮ್ಮದೇ ಒಂದು ತಿರುವು ಹುಟ್ಟುವುದಿದ್ದರೆ ಬೇಜಾರಾದ ಮೇಲೆಯೇ.

ಕುಮಾರರಿಂದ ನಿಜವಾಗಿ ಕದಿಯಬಹುದಾದದ್ದು ಅವರ ಧುನ್-ಉಗಮ ಕ್ರಮ. ಹಾಸಿಗೆಯಲ್ಲಿದ್ದಾಗ ಕಿವಿಗೆ ಬಿದ್ದ ಮಾಳವದ ಹೆಂಗಸರ ಹಾಡುಗಳಲ್ಲಿ ಅಡಗಿದ್ದ ರಾಗಗಳನ್ನು ಅವರು ಹೊರತೆಗೆದರು. ನಮ್ಮ ಬೀಸುಕಲ್ಲಿನ ಪದ, ಸೋಬಾನೆ, ಲಾವಣಿಗಳ ಮೇಲೆ ಈ ಕೆಲಸ ಆದದ್ದು ತೀರ ಕಡಿಮೆ, ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತೇನೆ. ಒಂದು ತ್ರಿಪದಿಯ ಮಟ್ಟು ಹಿಡಿಯಿರಿ, ಹೆಚ್ಚಾಗಿ ನಾಲ್ಕೈದು ಸ್ವರದಲ್ಲೇ ಮುಗಿದಿರುತ್ತದೆ. ಮೊದಲ ಕೆಲಸ ಷಡ್ಜ ಹುಡುಕುವುದು. ಸಾಲು ಶುರುವಾದ ಸ್ವರವನ್ನೇ ಸಾ ಎಂದುಕೊಂಡು ಬಹಳ ಜನ ಕೆಡಿಸುತ್ತಾರೆ. ಮೂರನೇ ಸಾಲು ಎಲ್ಲಿ ಕೂರುತ್ತದೋ ಅದನ್ನು ಸಾ ಎಂದು ಹಿಡಿದು ತಂಬೂರಿಯ ಜೊತೆ ಹಾಡಿ, ಒಗ್ಗದಿದ್ದರೆ ಅದನ್ನೇ ಪಾ ಅಥವಾ ಮಾ ಎಂದು ಹಿಡಿದು ನೋಡಿ. ಆಮೇಲೆ ಯಾವ ಸ್ವರಕ್ಕೆ ಕೆಳಗಿನಿಂದ ಬರುತ್ತಾರೆ, ಯಾವುದಕ್ಕೆ ಮೇಲಿನಿಂದ ಇಳಿಯುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ಇಷ್ಟು ಬರೆದುಕೊಳ್ಳಿ. ಮಂದ್ರಕ್ಕೂ ತಾರಕ್ಕೂ ಹಿಗ್ಗಿಸುವಾಗ ಆ ಮುಟ್ಟದ ಸ್ವರವನ್ನು ಮುಟ್ಟಬೇಡಿ. ಗಂಟಲು ಅಭ್ಯಾಸಬಲದಿಂದ ಖಾಲಿ ಜಾಗ ತುಂಬಿಬಿಡುತ್ತದೆ, ಹದಿನೈದು ನಿಮಿಷದಲ್ಲಿ ಆ ಮಟ್ಟು ಸೀದಾ ಭೂಪವೋ ದುರ್ಗಾವೋ ಎಂಬ ಪರಿಚಿತ ರಾಗವಾಗಿ ಕೂರುತ್ತದೆ. ಹಾಗಾಯಿತೆಂದರೆ ನಿಲ್ಲಿಸಿ, ಮೂಲ ಹಾಡನ್ನು ಐದು ಸಲ ಹಾಡಿ, ಮತ್ತೆ ಶುರು ಮಾಡಿ.

ವಚನ ಹಾಡುವವರಿಗೆ ಒಂದೇ ಮಾತು. ಮನ್ಸೂರರ "ಅಕ್ಕ ಕೇಳವ್ವ" ಕೇಳಿ, ಮಾತು ಎಲ್ಲಿ ತುಂಡಾಗಿದೆ ನೋಡಿ. ವಚನಕ್ಕೆ ಮಾತ್ರೆಯ ಕಟ್ಟಿಲ್ಲ, ಅದನ್ನು ಕೆಹರವಾ ತಾಳದ ಎಂಟು ಮಾತ್ರೆಗೆ ಅಳತೆ ಹಿಡಿದು ಹೊಲಿದರೆ ಹ್ರಸ್ವವೆಲ್ಲ ದೀರ್ಘವಾಗುತ್ತದೆ. "ಹಳೆ" ಹಾಳೆಯಾಗುತ್ತದೆ, "ಮನ" ಮಾನವಾಗುತ್ತದೆ.

ಇಷ್ಟೆಲ್ಲ ಹೇಳಿ ತಂಬೂರಿ ಬಿಟ್ಟರೆ ಪಾಪ ಬರುತ್ತದೆ. ಕುಮಾರರ ತಂಬೂರಿಗಳು ಹೇಗಿದ್ದವೆಂದು ಕೇಳಿದವರಿಗೆ ಗೊತ್ತು. ಸಾಮಾನ್ಯ ಜೋಡಣೆ ಪಾ, ಸಾ, ಸಾ, ಕೆಳಗಿನ ಸಾ. ಮಾಲಕೌಂಸಕ್ಕೆ ಪಾ ಬದಲು ಮಾ, ಮಾರವಾ ಪೂರಿಯಾಗಳಿಗೆ ನಿ. ನಡುವಿನ ಜೋಡಿ ಮೊದಲು ಒಂದಾಗಬೇಕು, ಎರಡರ ನಡುವೆ ಅಲೆಯಂತೆ ಏರಿಳಿತ ಕೇಳಿದರೆ ಇನ್ನೂ ಕೂಡಿಲ್ಲ ಎಂದರ್ಥ. ಒರಟು ಶ್ರುತಿ ಬಿರಡೆಯಲ್ಲಿ, ಕೂದಲೆಳೆ ಶ್ರುತಿ ಮಣಿಯಲ್ಲಿ. ಆಮೇಲೆ ಕುದುರೆಯ (ತಂತಿಗಳು ಒರಗುವ ತುಂಡಿನ) ಮೇಲಿನ ಜವಾರಿ ದಾರವನ್ನು ಕೂದಲಷ್ಟು ಅತ್ತಿತ್ತ ಸರಿಸಿ. ಒಂದು ಜಾಗದಲ್ಲಿ ತಂತಿ ಬಾಯಿ ಬಿಡುತ್ತದೆ, ಅರ್ಧ ಮಿಲಿಮೀಟರ್ ದಾಟಿದರೆ ಗಂಟಲು ಕಟ್ಟುತ್ತದೆ. ಎಲ್ಲ ಸರಿಯಾದಾಗ ಖರ್ಜದ (ಕೆಳಗಿನ ಸಾ) ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ. ಅದು ಕೇಳುವ ತನಕ ಬಾಯಿ ತೆರೆಯಬೇಡಿ.

ಮೊಬೈಲ್ ತಂಬೂರಿ ತಪ್ಪಲ್ಲ, ಆದರೆ ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಪಟ್ಟಿಯ) ಖರ್ಜ ಸುಮಾರು 70 ಹರ್ಟ್ಸ್. ಅಷ್ಟು ತಗ್ಗಿನ ನಾದ ಮೊಬೈಲಿನ ಪುಟ್ಟ ಸ್ಪೀಕರಿನಿಂದ ಹೊರಡುವುದೇ ಇಲ್ಲ, ಮೇಲಿನ ಝೇಂಕಾರವಷ್ಟೇ ಉಳಿಯುತ್ತದೆ. ದೊಡ್ಡ ಸ್ಪೀಕರಿಗೆ ಜೋಡಿಸಿ ಬೆನ್ನ ಹಿಂದೆ ಇಡಿ.

ವಾರಕ್ಕೊಮ್ಮೆ ಹತ್ತು ನಿಮಿಷ ನಿಮ್ಮದನ್ನೇ ರೆಕಾರ್ಡ್ ಮಾಡಿ, ಕೂಡಲೇ ಕೇಳಬೇಡಿ. ಹದಿನೈದು ದಿನ ಬಿಟ್ಟು ಅದೇ ನಾಲ್ಕು ಮನೆಯ ಹಾಳೆ ಹಿಡಿದು ಕೂತು, ಬೇರೆಯವರದ್ದು ಎನ್ನಿಸಿದ ಸಂಗತಿಯ ಎದುರು ಅವರ ಹೆಸರಿನ ಮೊದಲ ಅಕ್ಷರ ಬರೆಯಿರಿ. ಒಂದೇ ಅಕ್ಷರ ಪುಟವಿಡೀ ತುಂಬಿದ್ದರೆ ಆ ಗಾಯಕರ ರೆಕಾರ್ಡಿಂಗಿಗೆ ಮೂರು ತಿಂಗಳು ರಜೆ ಕೊಡಿ. ನಾಲ್ಕೈದು ಬೇರೆ ಬೇರೆ ಅಕ್ಷರಗಳಿದ್ದು, ನಡುನಡುವೆ ಯಾವ ಅಕ್ಷರವೂ ಹೊಂದದ ಒಂದೆರಡು ಸಾಲು ಕಂಡರೆ, ಆ ಸಾಲುಗಳ ಸ್ವರವನ್ನು ಬೇರೆ ವಹಿಯಲ್ಲಿ ಎತ್ತಿಟ್ಟುಕೊಳ್ಳಿ.