ಸಪ್ಪಳವಿಲ್ಲದ ರೊಟ್ಟಿ

2020ರ ಮಾರ್ಚ್ 25ರಿಂದ 21 ದಿನಗಳ ಲಾಕ್‌ಡೌನ್ ಎಂದು ಘೋಷಣೆಯಾದಾಗ, ಧಾರವಾಡದ ನಮ್ಮ ಮನೆಯ ಗಂಡಸರೂ ಇನ್ನಾದರೂ ಅಡುಗೆಮನೆಯ ಹೊಸ್ತಿಲು ದಾಟುತ್ತಾರೆಂದು ನಂಬಿದ್ದ ನನ್ನ ಮುಗ್ಧತೆಗೆ ಏನೆನ್ನಬೇಕೋ ತಿಳಿಯದು. ಮುಸುರೆ ತಿಕ್ಕಲು ಬರುತ್ತಿದ್ದಾಕೆ ಬರುವುದು ನಿಂತಿತು. ಮುಸುರೆ ಮಾತ್ರ ನನ್ನ ಪಾಲಿಗೆ ಉಳಿಯಿತು. ಯಜಮಾನರು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಬಾಗಿಲು ಹಾಕಿಕೊಂಡರೆ, ನಾನು ಅಡುಗೆಕಟ್ಟೆಯ ಮೇಲೆ ಎಣ್ಣೆಯ ಡಬ್ಬಿಗೆ ಮೊಬೈಲ್ ಆನಿಸಿಟ್ಟು ಏಳನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತಿದ್ದೆ. ಒಮ್ಮೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಇಣುಕಿ, ‘ಮೀಟಿಂಗ್ ನಡದೈತಿ, ಸಪ್ಪಳ ಮಾಡಲಾರದ ಬಡಿ’ ಎಂದರು. ಆ ವಿದ್ಯೆ ನಮ್ಮವ್ವನಿಗೂ ಬರುತ್ತಿರಲಿಲ್ಲ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. ಇದು ರೋಗ ಬರುವ ಮೊದಲಿನ ಲೆಕ್ಕ. (ಆ 97 ನಿಮಿಷದ ಗಂಡಸರು ನಮ್ಮ ಓಣಿಯಲ್ಲಂತೂ ಇಲ್ಲ.)

ನನಗೆ ಸಿಟ್ಟು ಬರುವುದು ‘ಸಹಾಯ’ ಎಂಬ ಮಾತಿಗೆ. ಆ ಇಡೀ ಬೇಸಿಗೆಯಲ್ಲಿ ಮೂರು ಸಲ ಚಹಾ ಮಾಡಿದ್ದನ್ನು ಅವರು ಇಂದಿಗೂ ಬೀಗರ ಮುಂದೆ ‘ಲಾಕ್‌ಡೌನ್‌ನಾಗ ಇಕಿಗೆ ಭಾಳ ಸಹಾಯ ಮಾಡೇನಿ’ ಎಂದು ಬಣ್ಣಿಸುತ್ತಾರೆ. ಚಹಾ ಉಕ್ಕಿ ಕರಕಲಾದ ಒಲೆಯನ್ನು ಉಜ್ಜಿದವರು ಯಾರೆಂದು ಬೀಗರೂ ಕೇಳುವುದಿಲ್ಲ.