ಕಿಟಕಿ ಇಲ್ಲ ಅಂದ ಮಾತ್ರಕ್ಕೆ ಕತ್ತಲೆ ಅಲ್ಲ

ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ವಾಸ್ತುಶಿಲ್ಪಿ ಜಾನ್ ಸೋನ್ ಕಟ್ಟಿದ್ದ ಹಳೇ ಕಟ್ಟಡವನ್ನು ನಿಮ್ಮ ಲೇಖನದಲ್ಲಿ ‘ಕತ್ತಲೆ ಕೋಟೆ’ ಅಂದಿದ್ದೀರಿ. ಇದನ್ನು ಮಾತ್ರ ಒಪ್ಪೋಕೆ ಆಗಲ್ಲ. ಬೀದಿ ಕಡೆ ಕಿಟಕಿ ಇರಲಿಲ್ಲ, ನಿಜ. ಅದಕ್ಕೆ ಕಾರಣವೂ ಇತ್ತು. 1780ರಲ್ಲಿ ಕ್ಯಾಥೊಲಿಕರ ವಿರುದ್ಧ ಲಂಡನ್ನಿನಲ್ಲಿ ಎದ್ದ ಗಾರ್ಡನ್ ಗಲಭೆಯಲ್ಲಿ ಜನ ಬ್ಯಾಂಕಿನ ಮೇಲೇ ನುಗ್ಗಿದ್ದರು. ಆಮೇಲೆ ಶುರುವಾದ ರಾತ್ರಿ ಸೈನಿಕರ ಕಾವಲು 1973ರವರೆಗೂ ನಡೆಯಿತು ಅಂದರೆ ಆ ಭಯ ಎಷ್ಟಿತ್ತು ನೋಡಿ.

ಗೋಡೆ ಮುಚ್ಚಿದ ಸೋನ್, ಬೆಳಕನ್ನು ಮೇಲಿಂದ ಇಳಿಸಿದರು. ನಮ್ಮ ತೊಟ್ಟಿ ಮನೆಗೆ ಬೆಳಕು ಬರೋದೂ ಹಾಗೇ ಅಲ್ವಾ? ಹಾಲ್‌ನ ನೆತ್ತಿಯಲ್ಲಿ ಗಾಜಿನ ಗೋಪುರ, ಅದರಿಂದ ಕಮಾನುಗಳ ಮೇಲೆ ಜಾರಿ ಬರುವ ತಣ್ಣನೆ ಬೆಳಕು. ಆ ಕಮಾನು ಚಾವಣಿಗೆ ಬಳಸಿದ್ದು ಒಳಗೆ ಪೊಳ್ಳಾದ ಸುಟ್ಟ ಮಣ್ಣಿನ ಕುಡಿಕೆಗಳು. ಭಾರ ಕಮ್ಮಿ, ಬೆಂಕಿ ಹತ್ತುವ ಭಯವೂ ಕಮ್ಮಿ. 1790ರ ದಶಕದಲ್ಲೇ ಹೀಗೆ ಯೋಚಿಸಿದ್ದರು!

ಬ್ಯಾಂಕಿಗೆ ಜಾಗ ಸಾಲದೆ ಹೋಗಿದ್ದು ಹೌದು. ಆದರೆ 1925ರಿಂದ ಆ ಹಾಲ್‌ಗಳನ್ನೆಲ್ಲ ಒಡೆದು ಹಾಕಿದ್ದಕ್ಕೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಹೊಸದನ್ನು ಕಟ್ಟಿದ ಹರ್ಬರ್ಟ್ ಬೇಕರ್, ದಿಲ್ಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಮಾಡಿದವರೇ. ಸೋನ್ ಕೆಲಸದಲ್ಲಿ ಉಳಿದಿದ್ದು ಹೆಚ್ಚಾಗಿ ಹೊರಗೋಡೆ.

ಅಲ್ಲಿನ ಮ್ಯೂಸಿಯಂನಲ್ಲಿ ಸೋನ್ ಅವರ ಸ್ಟಾಕ್ ಆಫೀಸ್ (ಬ್ಯಾಂಕಿನ ಷೇರು ವ್ಯವಹಾರ ನಡೆಯುತ್ತಿದ್ದ ಕಚೇರಿ) ಹಾಲನ್ನು ಮತ್ತೆ ಕಟ್ಟಿದ್ದಾರೆ. ಲೇಖನದಲ್ಲಿ ಬರೀ ಗೋಡೆಯ ಫೋಟೋಗಳೇ ಇವೆ. ದಯವಿಟ್ಟು ಈ ಹಾಲ್‌ನದ್ದೂ ಒಂದು ಸೇರಿಸಿ.